ಬಾಗಿಲೊಳಗಿನ ನೀರು

ಶ್ರೀನಿವಾಸಪುರದಲ್ಲಿ ಮುನ್ನೀ ಬೀ ಎಂದರೆ ಜಟಕಾ ಮೆತ್ತೆಯ ಮುನ್ನೀ ಬೀ. ಗಂಡ ಗೌಸ್ ಮೊಹಿದ್ದೀನ್ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೂತು ಕೆಲಸ ಒಪ್ಪಿಕೊಳ್ಳುತ್ತಿದ್ದ. ಅಳತೆ, ಕತ್ತರಿ, ಹೊಲಿಗೆಯೆಲ್ಲ ಮನೆಯ ಅಂಗಳದಲ್ಲಿ ಅವಳದು. ಯಾವ ವಸ್ತು ಕೈಗೆ ಬಂದರೂ ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡದೆ ಅವಳಿಗೆ ಸಮಾಧಾನವಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಯ ಅಲಾರಂ ಗಡಿಯಾರ ಬಿಚ್ಚಿ ಜೋಡಿಸಿದ್ದಳು. ಒಂದು ತಿರುಪು ಹೊರಗೇ ಉಳಿಯಿತು, ಗಡಿಯಾರ ಮಾತ್ರ ಮೊದಲಿನಂತೆಯೇ ಓಡಿತು. ಆ ತಿರುಪು ಯಾಕಿತ್ತು ಅನ್ನುವುದನ್ನು ಅವಳು ಬಹಳ ದಿನ ಯೋಚಿಸಿದಳು.

೧೯೭೭ರ ಬೇಸಿಗೆಯಲ್ಲಿ ಮಾವಿನ ಮಂಡಿಯ ಸೊಣ್ಣಪ್ಪ ಹಳೆಯ ಮಾರಿಸ್ ಮೈನರ್ ಕಾರೊಂದನ್ನು ತಂದು ಅವಳ ಮನೆಯೆದುರು ನಿಲ್ಲಿಸಿದ. ಮಾಲೂರಿನ ಇಟ್ಟಿಗೆ ಗೂಡೊಂದರ ಶೆಡ್ಡಿನಲ್ಲಿ ಹನ್ನೆರಡು ವರ್ಷ ಬಿದ್ದಿದ್ದ ಗಾಡಿ. ಇಂಜಿನ್ ರಿಪೇರಿ, ಬಣ್ಣ ಎರಡೂ ಕೋಲಾರದಲ್ಲಿ ಮುಗಿದಿದ್ದವು. ಎರಡು ಬಾಗಿಲುಗಳ ಒಳಮೈ ಮಾತ್ರ ಇಲಿ ಕಡಿದು, ರೆಕ್ಸಿನ್ ಚಿಂದಿಯಾಗಿ ಜೋತಾಡುತ್ತಿತ್ತು.

"ಮೊದ್ಲು ಹೆಂಗಿತ್ತೋ ಹಂಗೇ ಆಗ್ಬೇಕು ಬೂಬಮ್ಮಾ."

"ಜಟಕಾ ಬಿಟ್ರೆ ಬೇರೆ ಗಾಡಿ ಮುಟ್ಟಿದೋಳಲ್ಲ ಸೊಣ್ಣಪ್ಪಣ್ಣಾ. ಬಿಚ್ಚಿ ನೋಡ್ಲಾ?"

ಅವನು ಹೂಂ ಅನ್ನುವಷ್ಟರಲ್ಲಿ ಅವಳು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು. ಗಾಜು ಇಳಿಸುವ ಹಿಡಿಗೆ ಎಲ್ಲೂ ತಿರುಪು ಕಾಣಲಿಲ್ಲ. ಎಳೆದಳು, ತಿರುಗಿಸಿದಳು, ಬರಲಿಲ್ಲ. ಹಿಡಿಯ ಬುಡದ ಬಿಲ್ಲೆಯನ್ನು ಹೆಬ್ಬೆರಳಲ್ಲಿ ಒತ್ತಿದಾಗ ಅದು ಹಿಂದೆ ಸರಿದು, ಕಡ್ಡಿಯಷ್ಟು ಸಣ್ಣ ಕಬ್ಬಿಣದ ಮೊಳೆಯೊಂದು ಇಣುಕಿತು. ಮೆತ್ತೆ ಹೊಲಿಯುವ ದಬ್ಬಣದಿಂದ ಚುಚ್ಚಿದಳು. ಮೊಳೆ ಆಚೆ ಬದಿಗೆ ಜಾರಿತು, ಹಿಡಿ ಕೈಗೆ ಬಂತು. "ಅರೇ, ಎಲ್ಲಿ ಬಚ್ಚಿಟ್ಟವ್ರೆ ನೋಡು!" ಎಂದು ಅವಳು ನಕ್ಕಳು.

ಒಳಗಿನ ರಟ್ಟು ಅಂಚಿನುದ್ದಕ್ಕೂ ತಂತಿಯ ಕ್ಲಿಪ್ಪುಗಳ ಮೇಲೆ ನಿಂತಿತ್ತು. ಅದನ್ನೂ ಎಬ್ಬಿಸಿದಳು. ಹಿಂದೆ ಜಿಡ್ಡು ಜಿಡ್ಡಾದ ಕಂದು ಕಾಗದ ಅಂಟಿತ್ತು. ಅರ್ಧ ಹರಿದಿತ್ತು. ಕಸವೆಂದು ಕಿತ್ತು ಒಲೆಗೆ ಹಾಕಿದಳು.

ಹಳೆಯ ರಟ್ಟನ್ನು ಹೊಸದರ ಮೇಲಿಟ್ಟು ಗೆರೆ ಎಳೆದು, ರವಿಕೆ ಬಟ್ಟೆ ಕತ್ತರಿಸುವ ಜಾಗ್ರತೆಯಲ್ಲಿ ಕತ್ತರಿಸಿದಳು. ಕಂದುಗೆಂಪು ರೆಕ್ಸಿನ್ ಎಳೆದು ಅಂಟಿಸಿ, ಮೊದಲಿದ್ದಷ್ಟೇ ಸಾಲು ಹೊಲಿಗೆ ಹಾಕಿದಳು. ಸೊಣ್ಣಪ್ಪ ಕೈಯಾಡಿಸಿ ನೋಡಿ, ತಲೆದೂಗಿ, ಕಾರು ಹತ್ತಿ ಹೋದ.

ಭರಣಿ ಮಳೆ ಎರಡು ದಿನ ಜೋರಾಗಿ ಹೊಡೆಯಿತು. ನಾಲ್ಕನೆಯ ದಿನ ಸೊಣ್ಣಪ್ಪ ಮತ್ತೆ ಬಂದ. ಬಾಗಿಲುಗಳ ಒಳಮೈ ಪೂರಿಯಂತೆ ಉಬ್ಬಿತ್ತು.

"ಏಮಮ್ಮಾ ಇದಿ? ಏನಿದು? ಗಾಜು ಎತ್ತೇ ಇಟ್ಟಿದ್ದೆ. ಒಂದು ತೊಟ್ಟೂ ಸೀಟಿನ್ ಮೇಲೆ ಬಿದ್ದಿಲ್ಲ."

ಮುನ್ನೀ ಬೀಗೆ ಮೊದಲು ನಾಚಿಕೆಯಾಯಿತು. ಸೀಟು ಒಣಗಿಯೇ ಇದೆಯಲ್ಲ ಅಂದುಕೊಂಡಾಗ ನಾಚಿಕೆ ಎಲ್ಲಿ ಹೋಯಿತೋ. ಗಾಜು ಮುಚ್ಚಿದ ಬಾಗಿಲೊಳಗೆ ನೀರು ಯಾವ ದಾರಿಯಲ್ಲಿ ಬಂತು? ಒದ್ದೆ ರಟ್ಟನ್ನು ಕಿತ್ತು ಪಕ್ಕಕ್ಕಿಟ್ಟಳು. ತಾನು ಕಾರೊಳಗೆ ಕೂತು ಬಾಗಿಲೆಳೆದುಕೊಂಡಳು.

"ಅಣ್ಣಾ, ಚೆಂಬಲ್ಲಿ ನೀರು ತಗೊಂಡು ಗಾಜಿನ್ ಮೇಲೆ ಹುಯ್ಯಿ. ನಿಧಾನಕ್ಕೆ."

ಮಂಡಿಯ ಯಜಮಾನ ಬೀದಿಯಲ್ಲಿ ನಿಂತು ಕಾರಿಗೆ ಚೆಂಬಿನಿಂದ ನೀರೆರೆಯುವುದನ್ನು ಕಂಡು ಪಕ್ಕದ ಮನೆಯ ಆಂಜಿನಮ್ಮ ಬಾಗಿಲಿಗೆ ಬಂದು ನಿಂತಳು. ಮುನ್ನೀ ಬೀ ಬಾಗಿಲ ಪೊಳ್ಳಿನೊಳಗೆ ಮುಖವಿಟ್ಟು ನೋಡುತ್ತಿದ್ದಳು. ನೀರು ಗಾಜಿನ ಮೇಲಿಂದ ಇಳಿದು, ಗಾಜು ಜಾರುವ ಸಂದಿಗೆ ನುಗ್ಗಿ, ತಗಡಿನ ಒಳಮೈಯಲ್ಲಿ ಎಳೆ ಎಳೆಯಾಗಿ ಹರಿದು ತಳಕ್ಕೆ ಬಿತ್ತು. ತಳದಲ್ಲಿ ಮೂರು ತೂತುಗಳಿದ್ದವು. ಒಂದರಿಂದ ಹನಿ ಹನಿಯಾಗಿ ಹೊರಗೆ ತೊಟ್ಟಿಕ್ಕಿತು; ಎರಡರಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು.

"ಇನ್ನೊಂದು ಚೆಂಬು!"

ಮೂರು ಚೆಂಬಾದ ಮೇಲೆ ಸೆರಗೆಲ್ಲ ತೋಯಿಸಿಕೊಂಡು ಹೊರಗೆ ಬಂದಳು.

"ನೀರು ಬರ್ದೇ ಇರ್ಲಿ ಅಂತ ಮಾಡಿಲ್ಲ ಅಣ್ಣಾ ಇದನ್ನ. ಬಂದಿದ್ದು ಹೋಗ್ಲಿ ಅಂತ ಮಾಡವ್ರೆ. ರಟ್ಟಿಗೆ ತಾಗ್ದೇ ಇರ್ಲಿ ಅಂತ ಆ ಜಿಡ್ಡು ಕಾಗ್ದ. ನಾನು ಅದನ್ನ ಒಲೆಗೆ ಹಾಕ್ಬಿಟ್ಟೆ."

"ತಪ್ಪು ನಿಂದೇ ಅಂತೀಯಲ್ಲಮ್ಮಾ," ಎಂದ ಸೊಣ್ಣಪ್ಪ, ಬಯ್ಯಲು ಬಂದವನು ಬಯ್ಯುವುದನ್ನು ಮರೆತು. "ಈಗೇನ್ ಮಾಡೋದು?"

ಅವನ ತೋಟದಿಂದಲೇ ಗೊಬ್ಬರದ ಚೀಲಗಳು ಬಂದವು. ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ತೊಳೆದು, ಬಾಗಿಲಳತೆಗೆ ಕತ್ತರಿಸಿ, ಅಂಚಿಗೆ ಡಾಂಬರು ಸವರಿ ಅಂಟಿಸಿದಳು. ದಬ್ಬಣದಿಂದ ತೂತುಗಳ ಮಣ್ಣು ಕೆದಕಿದಳು. ರಟ್ಟನ್ನೂ ರೆಕ್ಸಿನ್ನನ್ನೂ ಹೊಸದಾಗಿ ಕತ್ತರಿಸಿ ಹೊಲಿದಳು.

ಮುಂದಿನ ಮಳೆ ಸಂಜೆಯ ಹೊತ್ತಿಗೆ ಬಂತು. ಅವಳು ಗೋಣಿ ಹೊದ್ದು ಮಂಡಿಗೆ ನಡೆದೇ ಹೋಗಿ, ನಿಂತ ಕಾರಿನೊಳಗೆ ಕೂತು, ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ನೀರು ಇಳಿಯುವ ಸದ್ದು ಸಣ್ಣಗೆ ಕೇಳುತ್ತಿತ್ತು. ರೆಕ್ಸಿನ್ ಮೇಲೆ ಅಂಗೈ ಒತ್ತಿದಳು. ಒಣಗಿತ್ತು.

ಆಮೇಲೆ ಮುಳಬಾಗಿಲಿನಿಂದ ಒಂದು, ವೇಮಗಲ್ಲಿನಿಂದ ಒಂದು ಎಂದು ಹಳೆಯ ಕಾರುಗಳು ಅವಳ ಮನೆ ಹುಡುಕಿಕೊಂಡು ಬರತೊಡಗಿದವು. ಎಂಬತ್ತರ ದಶಕದಲ್ಲಿ ಜಟಕಾಗಳು ಕಡಿಮೆಯಾದರೂ ಅವಳ ಅಂಗಳ ಖಾಲಿಯಾಗಲಿಲ್ಲ. ಬಂದವರು ರೆಕ್ಸಿನ್ನಿನ ಬಣ್ಣದ ಮಾತೆತ್ತಿದರೆ, "ಅದಿರ್ಲಿ, ಮೊದ್ಲು ಒಂದು ಚೆಂಬು ನೀರು ಹುಯ್ಯಿ," ಅನ್ನುತ್ತಾ ಅವಳು ಕಾರೊಳಗೆ ಹತ್ತಿ ಕೂರುತ್ತಿದ್ದಳು.