ಫೋನಿನಲ್ಲಿ ಮಾತಾಡಿದ ಅಕ್ಕ

ಯಾರಾದರೂ ದೆವ್ವ, ಭೂತ ಎಂದು ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನೇ. ನನ್ನದು ಏಸಿ ರಿಪೇರಿ ಕೆಲಸ. ಖಾಲಿ ಕೋಣೆಯಲ್ಲಿ ಯಾರೋ ಗೊಣಗುತ್ತಾರೆ ಎಂದು ಹೆದರಿ ಕರೆಸಿದವರ ಮನೆಯಲ್ಲೆಲ್ಲ ನನಗೆ ಸಡಿಲವಾದ ಒಂದು ಸ್ಕ್ರೂವೋ, ಧೂಳು ಕಟ್ಟಿದ ಫ್ಯಾನೋ ಸಿಕ್ಕಿದೆ. ಕಾರಣವಿಲ್ಲದ ಸದ್ದು ಇರುವುದಿಲ್ಲ ಎಂದೇ ನಂಬಿದ್ದೆ. ಒಂದರ ಕಾರಣ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಆಗ ನಾನು ಕುವೈತಿನ ಖೈತಾನಿನಲ್ಲಿ ಅಕ್ಕನ ಫ್ಲ್ಯಾಟಿನಲ್ಲಿದ್ದೆ. ಮನೆಯಲ್ಲಿ ನಾವಿಬ್ಬರೇ. ಧಾರವಾಡದ ಕಡೆಯವರು. ಅಕ್ಕ ಅಲ್ಲಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದಳು. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಶುಕ್ರವಾರ ಬಂದರೆ ಅವಳ ನಾಲ್ಕೈದು ವಿದ್ಯಾರ್ಥಿಗಳು ಮನೆಗೆ ಬರುತ್ತಿದ್ದರು. ಪ್ರಜೆ ಎಂದರೆ ಯಾರು, ಸರ್ಕಾರ ಯಾರಿಗೆ ಉತ್ತರ ಕೊಡಬೇಕು ಎಂದು ಇಂಗ್ಲಿಷಿನಲ್ಲಿ ಜೋರು ಚರ್ಚೆ ನಡೆಯುತ್ತಿತ್ತು. ಚಹಾ ನನ್ನ ಪಾಲಿಗೆ. ಅಕ್ಕ ಹೆಚ್ಚು ಮಾತಾಡುತ್ತಿರಲಿಲ್ಲ. ಹೇಳುತ್ತಿದ್ದವರು ನಡುವೆ ಸುಮ್ಮನಾದರೆ ಹುಬ್ಬೇರಿಸಿ, ನಮ್ಮೂರ ಧಾಟಿಯಲ್ಲಿ, "ಮತ್ತ?" ಎನ್ನುತ್ತಿದ್ದಳು. ಅಲ್ಲಿಗೇ ನಿಲ್ಲಿಸಬೇಡ, ಇನ್ನೂ ಯೋಚಿಸು ಎಂದರ್ಥ. ಈಜಿಪ್ಟಿನ ಹುಡುಗನೊಬ್ಬನಿಗೂ ಆ ಪದ ಬಾಯಿಗೆ ಬಂದಿತ್ತು. ಖಾಲಿ ಕಪ್ಪು ಎತ್ತಿ ಹಿಡಿದು "ಮತ್ತಾ, ಭಾಯಿ?" ಎಂದು ನನ್ನನ್ನು ಕಾಡುತ್ತಿದ್ದ.

ಅವರಲ್ಲಿ ಲವೀನಾ ಎಂಬ ಮಂಗಳೂರು ಕಡೆಯ ಕೊಂಕಣಿ ಹುಡುಗಿಯೂ ಇದ್ದಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಕುವೈತಿನಲ್ಲೇ. ಅಲ್ಲಿಯೂ ವೋಟಿಲ್ಲದ, ಊರಿನಲ್ಲಿಯೂ ವೋಟು ಹಾಕಲು ಹೋಗದ ತನ್ನಂಥವರ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದಳು. ಅಕ್ಕ ಅವಳ ಹಿಂದೆ ಬಿದ್ದು ತಿದ್ದಿಸುತ್ತಿದ್ದಳು.

ರಜೆಯಲ್ಲಿ ಅಕ್ಕನ ಗಂಟಲಿಗೆ ಸಣ್ಣ ಆಪರೇಷನ್ ಆಯಿತು. ಕೆಲವು ದಿನ ಪಿಸುಮಾತೂ ಕೂಡದು ಎಂದಿದ್ದರು ಡಾಕ್ಟರು. ಆಪರೇಷನ್ ಆದ ಮಧ್ಯಾಹ್ನ ಅವಳಿನ್ನೂ ಆಸ್ಪತ್ರೆಯಲ್ಲಿ ಮಂಪರಿನಲ್ಲಿದ್ದಳು. ಅವಳ ಬಟ್ಟೆ ಒಯ್ಯಲು ಮನೆಗೆ ಬಂದಾಗ ಫೋನ್ ಬಡಿದುಕೊಂಡಿತು.

"ಮ್ಯಾಮ್ ಇದ್ದಾರಾ ಅಂಕಲ್? ಸ್ವಲ್ಪ ಅರ್ಜೆಂಟ್ ಉಂಟು."

ಲವೀನಾ. ಅವಳಿಗಿಂತ ಆರೇಳು ವರ್ಷ ದೊಡ್ಡವನಾದ ನನ್ನನ್ನು ಅಂಕಲ್ ಎನ್ನುವುದೇ ನನಗೆ ಉರಿ.

"ಅಂಥಾ ಅರ್ಜೆಂಟ್ ಏನೈತಿ?"

"ನಾಳೆ ಕೋರ್ಸ್ ಚೇಂಜ್ ಮಾಡ್ಲಿಕ್ಕೆ ಲಾಸ್ಟ್ ಡೇಟ್. ಅಕೌಂಟ್ಸ್ ತಕೋ ಅಂತಾರೆ ಪಪ್ಪ. ಇಲ್ಲಿರ್ಲಿಕ್ಕೆ ಇಕಾಮಾ ಪರ್ಮಿಟ್ ರಿನ್ಯೂ ಮಾಡಿಸಿ ಬದುಕುವವರಿಗೆ ಪಾಲಿಟಿಕ್ಸ್ ಯಾಕೆ ಅಂತ. ಐ ಡೋಂಟ್ ನೋ ಅಂಕಲ್... ಒಮ್ಮೆ ಮ್ಯಾಮ್ ಹತ್ರ ಮಾತಾಡ್ಬೇಕು."

ಅಳು ತಡೆದ ದನಿ. ಅಕ್ಕ ಆಸ್ಪತ್ರೆಯಲ್ಲಿದ್ದಾಳೆ ಎಂದರೆ ಸಾಕಿತ್ತು. ಹೇಳಲಿಲ್ಲ. ನಾನು ಶಾಲೆ ಬಿಟ್ಟಾಗ ಅಕ್ಕ ಹಾಸ್ಟೆಲಿನಲ್ಲಿದ್ದಳು, ಬೇಡ ಎಂದು ತಡೆದವರು ಯಾರೂ ಇರಲಿಲ್ಲ. ಇವಳಿಗೆ ಮಾತ್ರ ಇಷ್ಟು ಉಪಚಾರವೇ, ಬಿಟ್ಟರೆ ಬಿಡಲಿ ಎನಿಸಿತು. "ನಿಂದರು, ಕರೀತೇನಿ" ಎಂದು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಬಟ್ಟೆಯ ಚೀಲ ಹಿಡಿದು ಬೀಗ ಹಾಕಿಕೊಂಡು ಹೋಗಿಬಿಟ್ಟೆ. ಅಲ್ಲಿ ಸ್ಥಳೀಯ ಕರೆಗೆ ಕಾಸಿಲ್ಲ. ಎಷ್ಟು ಹೊತ್ತಾದರೂ ಕಾಯಲಿ ಎಂದುಕೊಂಡೆ.

ಸಂಜೆ ಬಂದು ನೋಡಿದರೆ ರಿಸೀವರ್ ಫೋನಿನ ಮೇಲೆ ನೆಟ್ಟಗೆ ಕೂತಿತ್ತು. ಮನೆಗೆ ಇದ್ದವು ಎರಡೇ ಕೀಲಿಕೈ. ಒಂದು ನನ್ನ ಜೇಬಿನಲ್ಲಿ, ಇನ್ನೊಂದು ಆಸ್ಪತ್ರೆಯಲ್ಲಿ ಅಕ್ಕನ ಪರ್ಸಿನಲ್ಲಿ. ಹೋಗುವ ಅವಸರದಲ್ಲಿ ನಾನೇ ಇಟ್ಟಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಅಕ್ಕ ಮನೆಗೆ ಬಂದ ಮೇಲೆ ಲವೀನಾ ಕೇಕ್ ಹಿಡಿದು ಬಂದಳು. ಅಕ್ಕ ನಿದ್ದೆಯಲ್ಲಿದ್ದಳು.

"ಅಂಕಲ್, ನಾನು ಬಿಡ್ಲಿಲ್ಲ. ಥ್ಯಾಂಕ್ಸ್, ಅವತ್ತು ಮ್ಯಾಮನ್ನು ಕರೆದದ್ದಕ್ಕೆ."

"ಅಕ್ಕ... ಏನಂದ್ಳು?"

"ಏನೂ ಇಲ್ಲ! ನಾನೇ ಮಾತಾಡಿದ್ದು. ಮ್ಯಾಮ್ 'ಮತ್ತ?' ಅಂತ, ಮತ್ತೆ 'ಮತ್ತ?' ಅಂತ. ಹೇಳ್ತಾ ಹೇಳ್ತಾ ನಂಗೇ ಗೊತ್ತಾಯ್ತು, ಇದು ಬಿಟ್ರೆ ನಂಗಾಗುದಿಲ್ಲ ಅಂತ. ಅವರು ಫೋನ್ ಇಟ್ಟ ಮೇಲೇ ನಾನು ಇಟ್ಟದ್ದು."

ಕೇಕ್ ಇಸಿದುಕೊಂಡು ಒಳಗಿಟ್ಟೆ. ಆ ಹೊತ್ತಿಗೆ ಅಕ್ಕ ಆಸ್ಪತ್ರೆಯಲ್ಲಿದ್ದಳು ಎಂದು ಅವಳಿಗೂ ಹೇಳಲಿಲ್ಲ, ಈ ಫೋನಿನ ವಿಷಯ ಅಕ್ಕನಿಗೂ ಹೇಳಲಿಲ್ಲ.

ವರ್ಷಗಳ ಮೇಲೆ, ಲವೀನಾಗೆ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತೆಂದು ಸುದ್ದಿ ಬಂದ ದಿನ ಅಕ್ಕನ ಕಾಲು ನೆಲಕ್ಕೆ ತಾಗಲಿಲ್ಲ. ಸಂಜೆ ಫಿಂಟಾಸಿನ ಸಮುದ್ರದ ದಂಡೆಯಲ್ಲಿ ಕೂತಿದ್ದಾಗ ನಾನು ತಡೆಯಲಾರದೆ ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ತಮ್ಮಾ, ನೀ ಹಂಗ ಮಾಡಬಾರದಿತ್ತು," ಎಂದಳು. ಆಮೇಲೆ ಮೆಲ್ಲಗೆ, "ಆದ್ರ ಅಕಿ ನನ್ನ ಕೇಳಿದ್ರ ನಾ ಅಕೌಂಟ್ಸ ತಗೋ ಅಂತಿದ್ದೆ. ನನ್ನ ಆಪರೇಷನ್ನಿಗಿಂತ ಮೊದಲ ಅವರಪ್ಪ ಫೋನ್ ಮಾಡಿದ್ರು. ಅಕಿ ನೌಕರಿ ಸಿಗದ ಒದ್ದಾಡ್ಯಾಳಂತ ಹೆದರಿ, ಅವರಿಗೆ ಹಂಗ ಹೇಳಿದಾಕಿ ನಾನ."

ನನ್ನ ತಪ್ಪು ಇದರಿಂದ ಹಗುರವಾಗಲಿಲ್ಲ. ಆ ಹುಡುಗಿ ಅಳುತ್ತಿದ್ದಾಗ ಬೀಗ ಹಾಕಿ ಹೋದವನು ನಾನೇ. ಆದರೂ ತಾನು ಬಯಸಿದ್ದನ್ನೇ ಅವಳು ಪಾಠ ಹೇಳುತ್ತಿದ್ದಾಳೆ ಎಂದು ನೆನೆದಾಗ ಮನಸ್ಸು ತಂಪಾಗುತ್ತದೆ. ಬೀಗ ಹಾಕಿದ ಆ ಮನೆಯಲ್ಲಿ, ಅಕ್ಕನ ದನಿಯಲ್ಲಿ, ಅಕ್ಕನಿಗಿಂತ ಹೆಚ್ಚು ಧೈರ್ಯದಿಂದ ಅವಳ ಮಾತು ಕೇಳಿದವರು ಯಾರೋ ನನಗೆ ಗೊತ್ತಿಲ್ಲ.