ಕಾಜಾ ಮೊದಲು, ತೋಳು ಆಮೇಲೆ

ಯಾರ ಎರಡು ಭುಜಗಳೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಿಮ್ಮದೂ ಇಲ್ಲ. ದಿನಾ ಕನ್ನಡಿಯ ಮುಂದೆ ನಿಲ್ಲುತ್ತೀರಿ, ಕೂದಲು ತೀಡಿಕೊಳ್ಳುತ್ತೀರಿ, ಹಲ್ಲು ನೋಡಿಕೊಳ್ಳುತ್ತೀರಿ, ಇದೊಂದನ್ನು ಮಾತ್ರ ನೋಡುವುದಿಲ್ಲ. ನೋಡುವ ಅಗತ್ಯ ಬಿದ್ದಿಲ್ಲ, ಅದಕ್ಕೇ. ವ್ಯತ್ಯಾಸ ಕೂದಲೆಳೆಯಷ್ಟಿದ್ದರೆ ರೆಡಿಮೇಡ್ ಅಂಗಡಿಯವನು ನಿಮಗೆ ಕುರ್ಚಿ ಹಾಕುತ್ತಾನೆ. ಎರಡು ಬೆರಳಿನಷ್ಟಿದ್ದರೆ, ‘ನಿಮ್ಮ ಸೈಜು ಬರಲ್ಲ’ ಎಂದು ಬಾಗಿಲು ತೋರಿಸುತ್ತಾನೆ. ಬಟ್ಟೆ ತಪ್ಪು ಎಂದು ಅವನು ಹೇಳುವುದಿಲ್ಲ. ಮೈ ತಪ್ಪು ಎನ್ನುತ್ತಾನೆ.

ಮುಕ್ಕಾಲಮ್ಮನ ನಾದಿನಿ ಈ ಮಾತನ್ನು ಚಿಕ್ಕಂದಿನಿಂದ ಕೇಳಿಸಿಕೊಂಡವಳು. ಅವಳ ಬೆನ್ನುಮೂಳೆ ಒಂದು ಕಡೆಗೆ ಬಾಗಿದೆ. ಬಲಭುಜ ಮೇಲೆ, ಎಡಭುಜ ಕೆಳಗೆ. ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಅವಳ ಕೆಲಸ. ಇಲಾಖೆ ಎಲ್ಲರಿಗೂ ಒಂದೇ ಅಚ್ಚಿನ ಕೋಟು ಕೊಡುತ್ತದೆ. ಅವಳ ಮೇಲೆ ಅದು ಮೊಳೆಗೆ ನೇತುಹಾಕಿದ ಚೀಲದ ಹಾಗೆ ಕಾಣುತ್ತಿತ್ತು. ಬೇಸಿಗೆಯಲ್ಲೂ ಶಾಲು ಹೊದ್ದು ಕೂರುತ್ತಿದ್ದಳು.

ಮುಕ್ಕಾಲಮ್ಮ ಅವಳ ಅತ್ತಿಗೆ. ಮೂಳೆ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿರುವ ಒಂದು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಆ ಹೆಸರು ಇಟ್ಟದ್ದು ಗಂಡ. ಮನೆಯಲ್ಲಿ ಒಂದೇ ತೋಳಿರುವ ಸ್ವೆಟರ್ ಇದೆ, ಮೂರು ಕಡೆ ಬಣ್ಣ ಕಂಡು ನಾಲ್ಕನೆಯ ಕಡೆ ಕಾಯುತ್ತಿರುವ ಕಿಟಕಿ ಇದೆ, ಮುಚ್ಚಳ ಮಾಡುವುದಷ್ಟೇ ಬಾಕಿಯಿರುವ ಮರದ ಪೆಟ್ಟಿಗೆ ಇದೆ. ವ್ಯಾನು ಓಡಿಸುವ ಆ ಗಂಡ ಬಂದವರಿಗೆಲ್ಲ ಹೇಳುತ್ತಿದ್ದ, “ಇವಳು ಪೂರ್ತಿ ಮಾಡಿದ ಕೆಲಸ ಅಂದ್ರೆ ಮದುವೆ ಒಂದೇ. ಅದೂ ನಾನು ಕೈ ಗಟ್ಟಿಯಾಗಿ ಹಿಡ್ಕೊಂಡಿದ್ದಕ್ಕೆ.”

ಅಂಗಡಿಯ ಯಜಮಾನನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ಊರುಗೋಲಿನವರು, ಒಂದು ಕೈ ಗಿಡ್ಡ ಇರುವವರು, ಬೆನ್ನಿಗೆ ಪಟ್ಟಿ ಕಟ್ಟಿಕೊಂಡವರು, ಎಲ್ಲರೂ ಹುಡುಕಿಕೊಂಡು ಬರುವುದು ಅವರ ಹತ್ತಿರ. ಉಳಿದ ದರ್ಜಿಗಳು ಬಟ್ಟೆಯನ್ನು ಎರಡಾಗಿ ಮಡಚಿ ಅರ್ಧ ಮೈಯನ್ನು ಬರೆದು ಕತ್ತರಿಸುತ್ತಾರೆ, ಬಿಡಿಸಿದರೆ ಎರಡೂ ಕಡೆ ಸಮ. ಮಾಸ್ಟರ್ ಬಟ್ಟೆ ಮಡಚುವುದಿಲ್ಲ. ಪೂರ್ತಿ ಹರಡಿ, ಎಡಕ್ಕೆ ಬೇರೆ ಗೆರೆ, ಬಲಕ್ಕೆ ಬೇರೆ ಗೆರೆ. ಟೇಪಿಗಿಂತ ಕಣ್ಣನ್ನು ನಂಬುವ ಮನುಷ್ಯ. ಗಿರಾಕಿಯನ್ನು ಬಾಗಿಲ ತನಕ ನಡೆಸಿ, ಹಿಂದಿನಿಂದ ನೋಡಿ, ಆಮೇಲೆ ಸೀಮೆಸುಣ್ಣ ಹಿಡಿಯುತ್ತಿದ್ದರು.

ಆ ಕಣ್ಣು ಹೋಗತೊಡಗಿತು. ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದರು ಡಾಕ್ಟರು. ಮಾಸ್ಟರ್ ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡುವುದನ್ನು ಅಭ್ಯಾಸ ಮಾಡಿಕೊಂಡರು.

ಆಗ ಮುಕ್ಕಾಲಮ್ಮ ಹೇಳಿದಳು, “ಮಾಸ್ಟ್ರೇ, ನಿಮ್ಮ ಕೈಯನ್ನ ನಾನು ಕಂಪ್ಯೂಟರಿಗೆ ಹಾಕ್ತೀನಿ. ನೀವು ನೋಡಿ ಸರಿ ಅನ್ನಿ, ಸಾಕು.”

ಅವಳ ಯೋಚನೆ ಇಷ್ಟೇ. ಎಡದ ಅಳತೆ, ಬಲದ ಅಳತೆ ಬೇರೆ ಬೇರೆ ತುಂಬಿದರೆ, ಮೈಯಷ್ಟೇ ದೊಡ್ಡ ಕಾಗದದ ನಮೂನೆ ಅಚ್ಚಾಗಿ ಬರಬೇಕು. ಅದನ್ನು ಬಟ್ಟೆಯ ಮೇಲಿಟ್ಟು ಎಲ್ಲಿಯ ದರ್ಜಿಯಾದರೂ ಕತ್ತರಿಸಬಹುದು. ಮೊದಲ ಕೋಟು ನಾದಿನಿಗೆ. ಕಾಲೇಜು ಕಂಡವಳಲ್ಲ. ವಿಡಿಯೊ ನೋಡಿ ನೋಡಿ ಕೋಡ್ ಬರೆಯಲು ಕಲಿತಿದ್ದಳು. ಆದರೆ ಬಂದ ನಮೂನೆ ಸರಿಯೋ ತಪ್ಪೋ ಎಂದು ಹೇಳಬಲ್ಲ ಕಣ್ಣು ಊರಲ್ಲಿ ಒಂದೇ. ಅದು ಮುಚ್ಚುವ ಮುಂಚೆ ಕೆಲಸ ಮುಗಿಯಬೇಕು. ಇದು ಅವಳಿಗೂ ಗೊತ್ತಿತ್ತು, ಮಾಸ್ಟರಿಗೂ ಗೊತ್ತಿತ್ತು.

ಮೊದಲ ವಾರ ಕತ್ತಿನ ಗೆರೆ ತೆರೆಯ ಮೇಲೆ ಮೂಡಿದಾಗ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಅಂಗಡಿಯೆಲ್ಲ ತಿರುಗಿದಳು. ಗುಂಡಿ ಹಚ್ಚುವವರು, ಇಸ್ತ್ರಿಯವರು, ಪಕ್ಕದ ಔಷಧಿ ಅಂಗಡಿಯವರು, ಎಲ್ಲರೂ ಹೊಗಳಿದರು. ಶುರು ಮಾಡಿದವರನ್ನು ಹೊಗಳುವುದಕ್ಕೆ ನಮಗೆ ಖರ್ಚೇನಿದೆ? ಆರಂಭಶೂರರ ಬೆನ್ನು ತಟ್ಟಿ ತಟ್ಟಿಯೇ ನಾವು ಅವರನ್ನು ಕೆಡಿಸಿದ್ದೇವೆ. ಆ ದಿನ ಯಾರೊಬ್ಬರೂ ‘ಕಾಗದ ಯಾವಾಗ?’ ಎಂದು ಕೇಳಲಿಲ್ಲ.

ಎರಡನೆಯ ವಾರ ಕಂಕುಳ ಸುತ್ತು ಬಂತು. ತೋಳು ಬಂದು ಕೂರುವ ಆ ತಿರುವು ಬಲು ಹಟಮಾರಿ. ಮಾಸ್ಟರ್ ಸೀಮೆಸುಣ್ಣದಲ್ಲಿ ಒಂದೇ ಬೀಸಿಗೆ ಎಳೆಯುವುದನ್ನು ಲೆಕ್ಕದಲ್ಲಿ ಹೇಳಲು ಹೋದರೆ ಗೆರೆ ಎಲ್ಲೋ ಹಾರಿಹೋಗುತ್ತಿತ್ತು. ಅವಳು ಎದ್ದಳು, ನೀರು ಕುಡಿದಳು, ಕೂತಳು, ಮತ್ತೆ ಎದ್ದಳು. ಆಮೇಲೆ ಕಷ್ಟವಿಲ್ಲದ ಕಡೆಗೆ ಹೋಗಿ ಕೂತಳು. ಬಳಕೆದಾರರು ಹೆಸರು ಹಾಕಿ ಒಳಗೆ ಬರುವ ಪುಟ ಮಾಡಿದಳು. ಇಂಚು ಬೇಕೋ ಸೆಂಟಿಮೀಟರ್ ಬೇಕೋ ಎಂದು ಕೇಳುವ ಗುಂಡಿ ಮಾಡಿದಳು. ಹಗಲಿಗೆ ಬಿಳಿ, ಇರುಳಿಗೆ ಕಪ್ಪು ಬಣ್ಣ. ತೆರೆದ ಕೂಡಲೇ ಕತ್ತರಿಯೊಂದು ಬಾಯಿ ಬಿಟ್ಟು ಮುಚ್ಚುವ ಲಾಂಛನ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎನ್ನುತ್ತಾರಲ್ಲ, ಇವಳು ಕುಲಾವಿಗೆ ಕಸೂತಿಯನ್ನೂ ಹಾಕಿದಳು.

ಅಷ್ಟರಲ್ಲಿ ಯಾವುದೋ ವಿಡಿಯೊದವನು, ನೀನು ಬರೆಯುತ್ತಿರುವ ಭಾಷೆ ಹಳತಾಯಿತು ಎಂದ. ಎಲ್ಲ ಪಕ್ಕಕ್ಕಿಟ್ಟು ಹೊಸ ಭಾಷೆಯಲ್ಲಿ ಮೊದಲಿನಿಂದ ಬರೆದಳು. ಕತ್ತಿನ ಗೆರೆ ಮತ್ತೆ ಬಂತು, ಮತ್ತೆ ಕುಣಿದಳು, ಕಂಕುಳ ಬಂದ ಕೂಡಲೇ ಮತ್ತೆ ಎದ್ದಳು. ಕೋಡ್ ಬರೆಯುವವರ ಒಂದು ಗುಂಪಿನಲ್ಲಿ ತೋರಿಸಿದಾಗ, ‘ಮಕ್ಕಳಿಗೂ ಆಗುವ ಹಾಗೆ ಮಾಡಿ ಅಕ್ಕ’ ಎಂದರು, ‘ಸಾಕುಪ್ರಾಣಿಗೂ ಸೇರಿಸಿ’ ಎಂದರು. ಸಲಹೆ ಕೊಟ್ಟವರಲ್ಲಿ ಒಬ್ಬರಿಗೂ ಅಂಗಿ ಬೇಕಾಗಿರಲಿಲ್ಲ. ಇವಳು ನಾಯಿಯ ಕೋಟಿನ ಭಾಗವನ್ನು ಮಾಡಿಯೇ ಬಿಟ್ಟಳು. ನಾಯಿಗೆ ತೋಳಿಲ್ಲವಲ್ಲ, ಸಲೀಸಾಗಿ ಮುಗಿಯಿತು.

ನಾದಿನಿ ಅದನ್ನು ನೋಡಿ ಹೇಳಿದಳು, “ಅತ್ತಿಗೆ, ಈ ಮನೆಯಲ್ಲಿ ನನಗಿಂತ ಮೊದಲು ನಾಯಿಗೆ ಕೋಟು ಬಂತು. ನಾವು ನಾಯಿ ಸಾಕಿಯೇ ಇಲ್ಲ.”

“ನಿನ್ನದೂ ಬರುತ್ತೆ ಕಣೇ. ಸ್ವಲ್ಪ ಹುರುಪು ಇಳಿದಿದೆ, ಅಷ್ಟೇ.”

“ಬಾಲ ಇದ್ದಿದ್ರೆ ಬೇಗ ಬರ್ತಿತ್ತೇನೋ.”

ಈ ಹುರುಪು ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹುರುಪು ತುಂಬುತ್ತೇವೆ ಎಂದು ಕಿರುಚುವವರ ಭಾಷಣಗಳನ್ನು ಅವಳು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಕೇಳಿದಳು. ಕೇಳಿದಾಗೆಲ್ಲ ಹುರುಪು ಬಂತು, ಹೊಸದೊಂದನ್ನು ಶುರು ಮಾಡುವುದಕ್ಕೆ. ಕಂಕುಳ ಸುತ್ತಿನ ಮುಂದೆ ಕೂರುವುದಕ್ಕೆ ಯಾವ ಭಾಷಣವೂ ಹುರುಪು ಕೊಡಲಿಲ್ಲ. ಅಲ್ಲಿ ಬೇಕಾದದ್ದು ಕುಂಡೆ ಊರಿ ಕೂರುವುದು.

ಮಾಸ್ಟರ್ ಚಹಾದ ಹೊತ್ತಿಗೆ ಕೇಳುತ್ತಿದ್ದರು, “ಎಲ್ಲಿಗೆ ಬಂತು ತಾಯಿ?”

“ಬಂತು ಮಾಸ್ಟ್ರೇ, ಬಂದೇ ಬಿಡ್ತು.”

“ನನಗೇನು ಅವಸರ ಇಲ್ಲ. ನನ್ನ ಕಣ್ಣಿಗಿದೆ.”

ಸೂಜಿಗೆ ದಾರ ಪೋಣಿಸಲು ಅವರು ಬೇರೆಯವರನ್ನು ಕರೆಯತೊಡಗಿದರು. ಅವಳಿಗೆ ಅದು ಕಾಣುತ್ತಿತ್ತು. ಕಂಡಾಗೆಲ್ಲ ಚಡಪಡಿಸಿ ಲ್ಯಾಪ್‌ಟಾಪ್ ತೆರೆದು ಲಾಂಛನದ ಬಣ್ಣ ಬದಲಿಸುತ್ತಿದ್ದಳು. ಸೋಮಾರಿತನವಲ್ಲ ಅದು. ಅವಳಷ್ಟು ಕೆಲಸ ಮಾಡುವವರು ಆ ರಸ್ತೆಯಲ್ಲಿ ಇರಲಿಲ್ಲ. ಮುಗಿಸಿದರೆ ತಪ್ಪು ಹೊರಗೆ ಬೀಳುತ್ತದೆ. ಮುಗಿಸದಿದ್ದರೆ, ಇನ್ನೂ ಮುಗಿದಿಲ್ಲ ಎನ್ನಬಹುದು.

ಒಂದು ಮಧ್ಯಾಹ್ನ ಮಾಸ್ಟರ್ ಒಬ್ಬ ಗಿರಾಕಿಯ ಕೋಟು ಕತ್ತರಿಸಿದರು. ತಗ್ಗು ಭುಜದ ಗೆರೆ ಎತ್ತರದ ಭುಜಕ್ಕೆ ಬಿದ್ದಿತ್ತು. ಒಳ್ಳೆಯ ಉಣ್ಣೆ ಬಟ್ಟೆ. ಮಾಸ್ಟರ್ ಕತ್ತರಿಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು.

“ತಾಯಿ, ನಿನ್ನದನ್ನ ತೋರಿಸು.”

ಅವಳು ತೆರೆದಳು. ಮಾಸ್ಟರ್ ಕತ್ತು ಓರೆ ಮಾಡಿದರು.

“ಏನೋ ಆಡ್ತಿದೆ. ಕತ್ತರಿನಾ?”

“ಹೌದು ಮಾಸ್ಟ್ರೇ. ಲಾಂಛನ.”

“ಸರಿ. ಮುಂದೆ?”

“ಇಲ್ಲಿ ಹೆಸರು ಹಾಕಿ ಒಳಗೆ ಹೋಗ್ಬೇಕು.”

“ಹೋದೆ. ಅಂಗಿ ಎಲ್ಲಿ?”

“ಕಂಕುಳು ಒಂದು ಬಾಕಿ ಇದೆ.”

“ಕಂಕುಳು ಬಾಕಿ ಇದ್ರೆ ಅದು ಅಂಗಿ ಅಲ್ಲ ತಾಯಿ, ದಿಂಬಿನ ಚೀಲ.” ಮಾಸ್ಟರ್ ನಗಲಿಲ್ಲ. “ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನು ಕಾಜಾ ಮೊದಲು ಹೊಲಿದು, ತೋಳು ಆಮೇಲೆ ಸೇರಿಸ್ತೀನಿ ಅಂದಿದ್ರೆ ನಾನು ಏನ್ ಮಾಡ್ತಿದ್ದೆ?”

“ಕತ್ತರಿ ಕಿತ್ಕೊಂಡು ಮನೆಗೆ ಕಳಿಸ್ತಿದ್ರಿ.”

“ಅಂಗಿ ಹೆಂಗೆ ಮಾಡ್ತೀವಿ ನಾವು?”

ಅವಳು ತಲೆ ತಗ್ಗಿಸಿದಳು. ದಿನಾ ಮಾಡುವ ಕೆಲಸ. ಗುಂಡಿ ತೂರಿಸುವ ಕಾಜಾ ಎಲ್ಲಕ್ಕಿಂತ ಕೊನೆ. ಮೊದಲು ಹಳೆಯ ಬಟ್ಟೆಯಲ್ಲಿ ಕತ್ತರಿಸಿ, ಎಳೆದರೆ ಬಿಚ್ಚಿಕೊಳ್ಳುವ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಯ ಮೈಮೇಲೆ ಹಾಕಿ ನೋಡುವುದು. ತಪ್ಪು ಮೈಮೇಲೆ ಕಾಣುತ್ತದೆ. ಬಿಚ್ಚಿ, ಸರಿ ಮಾಡಿ, ಮತ್ತೆ ಹಾಕುವುದು. ಬಟ್ಟೆಯ ಮುಂದೆ ಕನಸಿನಲ್ಲೂ ಮರೆಯದ ಈ ಪಾಠವನ್ನು ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಮರೆತಿದ್ದಳು. ಅದು ದೊಡ್ಡವರ ಕೆಲಸ, ಅಲ್ಲಿ ಎಲ್ಲ ಬೇರೆ ಎಂದುಕೊಂಡಿದ್ದಳು.

ಮರುದಿನ ಊಟದ ಬಿಡುವಿನಲ್ಲಿ ಖಾಲಿ ಪುಟ ತೆರೆದಳು. ಬಣ್ಣವಿಲ್ಲ, ಲಾಂಛನವಿಲ್ಲ, ಅಳತೆ ತುಂಬುವ ಚೌಕಗಳು, ಕೆಳಗೆ ಒಂದು ಗುಂಡಿ. ಬಾರದ ತಿರುವನ್ನು ಚಿಕ್ಕ ಚಿಕ್ಕ ನೇರ ಗೆರೆಗಳಿಂದ ಜೋಡಿಸಿದಳು. ನೋಡಲು ಮಗು ಬರೆದ ಗುಡ್ಡದ ಹಾಗಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿದಾಗ ಅಂಗಡಿಯವನು ಕೇಳಿದ, “ಇದೇನಕ್ಕ, ಸೈಟಿನ ನಕ್ಷೆನಾ? ಗಡಿ ತಕರಾರು ಇರೋ ಹಾಗಿದೆ.” ಹಾಳೆಗಳನ್ನು ಅಂಟಿಸಿದಳು. ಹಳೆಯ ಹಾಸಿಗೆ ಹೊದಿಕೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಸಂಜೆಯ ಮುಂಚೆಯೇ ನಾದಿನಿಯನ್ನು ಅಂಗಡಿಗೆ ಕರೆಸಿ ಅವಳ ಮೈಮೇಲೆ ಹಾಕಿದಳು.

“ಮೊದಲನೇ ಸಲ ಯಾರೋ ನನ್ನನ್ನ ಮಡಚದೇ ಬರೆದಿದ್ದಾರೆ,” ಎಂದಳು ನಾದಿನಿ. “ಆದರೆ ಅತ್ತಿಗೆ, ಕೈ ಎತ್ತಕ್ಕಾಗ್ತಿಲ್ಲ.”

ಮಾಸ್ಟರ್ ಎದ್ದು ಬಂದರು. ಓರೆಯಾಗಿ ನೋಡಿದರು, ಸಾಲದಾಯಿತು. ಕಣ್ಣು ಮುಚ್ಚಿ ಬೆರಳುಗಳನ್ನು ಹೊಲಿಗೆಯ ಮೇಲೆ ಆಡಿಸಿದರು. “ಎಡಗಡೆ ಒಂದು ಬೆರಳು ಇಳಿಸು. ಕಂಕುಳಲ್ಲಿ ಇಲ್ಲಿ ಬಟ್ಟೆ ಹಿಡೀತಿದೆ, ಇಲ್ಲಿ ಬಿಡು.” ಅವಳು ಅಂಕಿ ತಿದ್ದಿದಳು, ಅಚ್ಚು ಹಾಕಿಸಿದಳು, ಹೊಲಿದಳು, ಹಾಕಿದಳು, ಬಿಚ್ಚಿದಳು. ಮನೆಯ ಹೊದಿಕೆಗಳು ಮುಗಿದವು. ಗಂಡ ಬರಿಯ ಹಾಸಿಗೆಯ ಮೇಲೆ ಮಲಗಿ, “ಪರದೆ ಮುಟ್ಟಬೇಡ, ಎದುರು ಮನೆಯವರಿದ್ದಾರೆ” ಎಂದ. ಅವಳು ಈಗ ಹುರುಪಿನ ಮಾತೇ ಆಡುತ್ತಿರಲಿಲ್ಲ. ನಾದಿನಿ ಕೈ ಎತ್ತಿ ನಿಂತಿರುತ್ತಿದ್ದಳು, ಅದೇ ಸಾಕಾಗಿತ್ತು. ಭುಜ ಕೂತಿತು. ಆಮೇಲೆ ಕಂಕುಳ ಸುತ್ತೂ ಕೂತಿತು.

ಉಳಿದದ್ದು ಬೆನ್ನು. ಬಾಗಿದ ಬೆನ್ನಿನ ಮೇಲೆ ಬಟ್ಟೆ ಹೇಗೆ ಇಳಿದು ಬೀಳಬೇಕು ಎಂಬುದು. ಮಾಸ್ಟರ್ ಕೈಯಿಟ್ಟರು, ತೆಗೆದರು.

“ಇದು ಬೆರಳಿಗೆ ಸಿಗಲ್ಲ ತಾಯಿ. ಮುಟ್ಟಿದ್ರೆ ಬಟ್ಟೆ ಅಲ್ಲಾಡುತ್ತೆ. ದೂರ ನಿಂತು ನೋಡ್ಬೇಕು.”

ಬಾಗಿಲ ತನಕ ಹೋಗಿ ತಿರುಗಿ ನಿಂತರು. ಕತ್ತನ್ನು ಆ ಕಡೆ ಓರೆ ಮಾಡಿದರು, ಈ ಕಡೆ ಮಾಡಿದರು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

“ಅವಳು ಅಲ್ಲೇ ನಿಂತಿದ್ದಾಳಾ?”

“ಇಲ್ಲೇ ಇದ್ದೀನಿ ಮಾಸ್ಟ್ರೇ,” ಎಂದಳು ನಾದಿನಿ.

“ಹಾಂ. ಸರಿ.” ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಬೆನ್ನು ನನ್ನಿಂದ ಆಗಲ್ಲ ಇನ್ನು.”

ಮುಕ್ಕಾಲಮ್ಮ ನಾಯಿಗೆ ಕೋಟು ಬರೆಯುತ್ತಿದ್ದ ದಿನಗಳಲ್ಲಿ ಆ ಕಣ್ಣಿಗೆ ಬೆನ್ನು ಕಾಣುತ್ತಿತ್ತು. ಅಂಗಡಿಯಲ್ಲಿ ಯಾರೂ ಅದನ್ನು ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ, ಏಕೆಂದರೆ ಹೇಳದಿದ್ದರೆ ನೀವು ಇದನ್ನೂ ಒಂದು ಸಾಧನೆಯ ಕತೆಯೆಂದು ಓದಿ ಮುಗಿಸಿ, ಹುರುಪು ತಂದುಕೊಂಡು, ಹೊಸದೊಂದನ್ನು ಶುರು ಮಾಡುತ್ತೀರಿ.

ಅವಳು ಅಳುತ್ತಾ ಕೂರಲಿಲ್ಲ. ಬೆನ್ನಿನ ಭಾಗದಲ್ಲಿ ಸಾಮಾನ್ಯ ಗೆರೆ ಎಳೆದು, ಅದರ ಮೇಲೆ ‘ಇದು ನಮಗೆ ಗೊತ್ತಿಲ್ಲ, ಮೈಮೇಲೆ ಹಾಕಿ ನೋಡಿ ಸರಿ ಮಾಡಿಕೊಳ್ಳಿ’ ಎಂದು ಅಚ್ಚಾಗುವಂತೆ ಬರೆದಳು. ಅಲ್ಲಿಗೆ ಮುಗಿಸಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂಟರ್ನೆಟ್ಟಿಗೆ ಬಿಟ್ಟಳು. ಬೇರೆ ಬೇರೆ ಊರಿನ ದರ್ಜಿಗಳು ಅದನ್ನು ಬಳಸಿ ಬೈಯುತ್ತಾರೆ, ಬೈದು ಹೇಗೆ ಸರಿ ಮಾಡಬೇಕೆಂದು ಬರೆಯುತ್ತಾರೆ. ಅವಳು ತಿದ್ದುತ್ತಾಳೆ. ಬೆನ್ನು ಇನ್ನೂ ಬಂದಿಲ್ಲ. ನಾದಿನಿಯ ಹೊಸ ಕೋಟು ಭುಜದಲ್ಲಿ ಸರಿಯಾಗಿದೆ, ಹಿಂದೆ ಸುಕ್ಕು ಬೀಳುತ್ತದೆ. ಕೌಂಟರಿನಲ್ಲಿ ಹಿಂದಿನಿಂದ ನೋಡುವವರು ಯಾರು ಎಂದು ಅವಳು ನಗುತ್ತಾಳೆ. ಅತ್ತಿಗೆಗೆ ಆ ನಗು ಕೇಳಲಾಗುವುದಿಲ್ಲ.

ನಿಮ್ಮ ಕಂಪ್ಯೂಟರಿನಲ್ಲೂ ಅರ್ಧಕ್ಕೆ ನಿಂತದ್ದೊಂದು ಇದೆ. ಅದು ಯಾರಿಗಾಗಿ ಶುರುವಾಯಿತು ಎಂಬುದೂ ನಿಮಗೆ ಗೊತ್ತು. ನಿಮಗಾಗಿಯೇ ಆಗಿದ್ದರೆ ನಾಳೆ ಬೆಳಗ್ಗೆ ನೀವೇ ಬಳಸಿ. ಇನ್ನೊಬ್ಬರಿಗಾಗಿ ಆಗಿದ್ದರೆ ಇವತ್ತೇ ಅವರ ಮುಂದೆ ತೆರೆದಿಡಿ, ಎಷ್ಟು ಕೆಟ್ಟದಾಗಿದೆಯೋ ಅಷ್ಟೇ ಕೆಟ್ಟದಾಗಿ ಇಡಿ. ಎಲ್ಲಿ ಹಿಡಿಯುತ್ತದೆ ಎಂದು ಅವರು ಹೇಳುವಾಗ ಬಾಯಿ ಮುಚ್ಚಿಕೊಂಡು ಕೇಳಿ, ಅದೊಂದನ್ನು ತಿದ್ದಿ, ನಾಳೆ ಮತ್ತೆ ಹೋಗಿ.