ಆಯಮ್ಮನ ಹಾಯಿಬಟ್ಟೆ

ನಮ್ಮೂರು ತಳಕಿನಲ್ಲಿ ಪಕ್ಕದ ಮನೆಯವರೊಬ್ಬರು ನೌಕಾಪಡೆಯಿಂದ ನಿವೃತ್ತರಾಗಿ ಬಂದು, ದೇವರ ಎತ್ತುಗಳನ್ನು ಕಾಯುವ ಮನೆತನದ ಕೆಲಸಕ್ಕೇ ಮರಳಿದ್ದರು. ಬಯಲಿನಲ್ಲಿ ಎತ್ತುಗಳ ಹಿಂದೆ ಹೋಗುವಾಗಲೂ ನೀರಿನ ಮೇಲಿದ್ದವರಂತೆ ಕಾಲಗಲಿಸಿಯೇ ನಡೆಯುತ್ತಿದ್ದರು. ಮಾತು ಎಲ್ಲಿಂದ ಶುರುವಾದರೂ ಅವರು ದುಡಿದ ಹಳೆಯ ಹಾಯಿದೋಣಿಗೇ ಬಂದು ನಿಲ್ಲುತ್ತಿತ್ತು. ತೇಗದ ಮೈಯ ಆ ದೋಣಿಯಲ್ಲೇ ನೌಕಾಪಡೆಗೆ ಹೊಸದಾಗಿ ಸೇರಿದವರು ಸಮುದ್ರ ಕಲಿಯುತ್ತಿದ್ದರಂತೆ. ಒಮ್ಮೆ ಬಿರುಗಾಳಿಗೆ ಹಾಯಿಯ ಕಂಬ ಮುರಿದರೂ ಅದು ಎಲ್ಲರನ್ನೂ ದಡ ಸೇರಿಸಿತಂತೆ.

"ಎಂಜಿನ್ನು ಹೆಸರಿಗಷ್ಟೇ. ಆಯಮ್ಮ ಗಾಳಿ ತಿಂದ್ಕಂಡೇ ಬದುಕಿದೋಳು," ಎಂದು ದೋಣಿಯ ಬಗ್ಗೆ ಪ್ರತಿ ಸಲವೂ ಹೇಳುತ್ತಿದ್ದರು.

ಸಮುದ್ರವನ್ನೇ ಕಾಣದ ಅವರ ಅವ್ವ ಕೇಳುತ್ತಿದ್ದುದು ಒಂದೇ: "ವಯಸ್ಸಾದ ಮ್ಯಾಲೆ ಅದನ್ನ ಯಾರು ನೋಡ್ಕಂತಾರಪ್ಪ?"

ನಮ್ಮಲ್ಲಿ ದೇವರ ಎತ್ತನ್ನು ಮಾರುವುದಿಲ್ಲ. ಕೊನೆಯವರೆಗೂ ಸಾಕಿ, ಸತ್ತಾಗ ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡುತ್ತಾರೆ.

"ನೆಳ್ಳಾಗೆ ಕಟ್ಟವ್ರೆ ಕಣವ್ವ," ಎಂದು ಮಗ ಅವ್ವನಿಗೆ ಹೇಳುತ್ತಿದ್ದರು. ನಿಜಕ್ಕೂ ದೋಣಿಯನ್ನು ಗುಜರಿಗೆ ಹಾಕಿ ಒಡೆದರೆಂದು ನನಗೊಬ್ಬನಿಗೇ ಹೇಳಿದ್ದರು.

ಹೋದ ವರ್ಷ ಹಿರಿಯ ಎತ್ತು ತೀರಿಕೊಂಡಿತು. ಗುಂಡಿಗೆ ಇಳಿಸಿದ ಮೇಲೆ ಅವರು ಟ್ರಂಕಿನಿಂದ ಮಾಸಿದ ಹಾಯಿಯ ತುಂಡೊಂದನ್ನು ತಂದು ಹೊದಿಸಿ, ಅಂಚನ್ನು ಕೈಯಿಂದ ತೀಡಿ ಸರಿಮಾಡಿದರು.

"ಹೊಸ ಬಟ್ಟೆ ಇರ್ಲಿಲ್ವೇನಪ್ಪ?" ಎಂದರು ಅವ್ವ.

"ಇರ್ಲಿ ಬಿಡವ್ವ. ಆಯಮ್ಮಂಗೆ ಮಣ್ಣು ಆಗಿರ್ಲಿಲ್ಲ."

ಅವ್ವ ಮಗನ ಮುಖವನ್ನೇ ನೋಡಿದರು. ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದೆವು. ಅವ್ವ ಒಂದು ಹಿಡಿ ಹಾಕಿದವರು ಮತ್ತೆ ಬಗ್ಗಿ ಇನ್ನೊಂದು ಹಿಡಿ ಹಾಕಿದರು.